ಚಪ್ಪಲಿ ಮೆಟ್ಟುವಾಗ ಹೇಳುವ ಮಾತು

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನನ್ನದೊಂದು ಪುಟ್ಟ ದವಾಖಾನೆ. ಹಳಬರ ಬಾಯಲ್ಲಿ ಅದು ಇವತ್ತಿಗೂ ‘ಡಾಕ್ಟ್ರ ಶಾಪು’. 1985ರಲ್ಲಿ ಬಾಗಿಲು ತೆಗೆದಾಗ ಕೆಂಪು ಮಿಕ್ಸ್‌ಚರಿನ ಸೀಸೆಗಳು, ಅವಕ್ಕೆ ಅಂಟಿಸುವ ಹಲ್ಲುಹಲ್ಲಿನ ಕಾಗದದ ಪಟ್ಟಿ, ಆ ಪಟ್ಟಿ ಕತ್ತರಿಸಲು ಒಬ್ಬರು ಕಾಂಪೌಂಡರು, ಇಷ್ಟು ನನ್ನ ಆಸ್ತಿ. ಮಿಕ್ಸ್‌ಚರು ಯಾವತ್ತೋ ಹೋಯಿತು. ಜನ ಮಾತ್ರ ಅವರೇ. ಬಸವನಗುಡಿ, ಗವೀಪುರ, ಹನುಮಂತನಗರದ ಮನೆಗಳವರು, ಅವರ ಮಕ್ಕಳು, ಈಗ ಮೊಮ್ಮಕ್ಕಳು. ಒಂದೇ ಮನೆಯ ಅತ್ತೆಗೂ ಸೊಸೆಗೂ ಔಷಧಿ ಬರೆಯುವವನಿಗೆ ಇಬ್ಬರ ಗುಟ್ಟೂ ಗೊತ್ತಿರುತ್ತದೆ. ನನ್ನ ಕಸುಬಿನಲ್ಲಿ ನಾಡಿ ನೋಡುವ ಕೆಲಸಕ್ಕಿಂತ ಬಾಯಿ ಮುಚ್ಚಿಕೊಂಡಿರುವ ಕೆಲಸವೇ ಹೆಚ್ಚು.

ನನ್ನ ಮಗಳು ‘ವಲ್ನರಬಲ್’ ಅನ್ನುವ ಮಾತನ್ನು ದಿನಕ್ಕೆ ನಾಲ್ಕು ಸಲ ಆಡುತ್ತಾಳೆ. ಅದಕ್ಕೆ ಕನ್ನಡದಲ್ಲಿ ಏನಪ್ಪ ಅಂತ ಕೇಳಿದಳು. ‘ದೌರ್ಬಲ್ಯ’ ಅಂದರೆ ಟಾನಿಕ್ ಕುಡಿಯಬೇಕಾದವನ ನೆನಪಾಗುತ್ತದೆ, ‘ದೈನ್ಯ’ ಅಂದರೆ ಬೊಗಸೆ ಒಡ್ಡಿ ನಿಂತ ಹಾಗೆ. ನಮ್ಮ ಕಡೆಯ ಜನ ಆಡುವ ಮಾತು ‘ಸೋತು ಮಾತಾಡೋದು’. ಸೋತು ಮಾತಾಡಿದರೆ ಪ್ರೀತಿ ಹೆಚ್ಚುತ್ತದೆಯೋ, ಮರ್ಯಾದೆ ಹೋಗುತ್ತದೆಯೋ? ಶಾಪಿನಲ್ಲಿ ಕೂತು ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಗುರುತು ಹತ್ತದ ಹಾಗೆ ಬೀದಿ, ಉದ್ಯೋಗಗಳನ್ನು ಬದಲಾಯಿಸಿದ್ದೇನೆ.

1. ನಿಜ ಹೊರಬೀಳುವುದು ಹೊಸ್ತಿಲ ಹತ್ತಿರ

ನನ್ನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಬರುವ ಪದ್ಧತಿ. ಒಳಗೆ ಬಂದವರು ಕೆಮ್ಮು ಅನ್ನುತ್ತಾರೆ, ಮಂಡಿ ನೋವು ಅನ್ನುತ್ತಾರೆ. ಚೀಟಿ ಬರೆದುಕೊಟ್ಟರೆ ಮಡಿಸಿ ಜೇಬಿಗಿಟ್ಟು ಏಳುತ್ತಾರೆ. ಒಂದು ಕಾಲನ್ನು ಚಪ್ಪಲಿಗೆ ತೂರಿಸಿ, ಇನ್ನೊಂದು ಚಪ್ಪಲಿಯನ್ನು ಕಾಲಲ್ಲೇ ತಡಕುತ್ತ, ನನ್ನ ಮುಖ ನೋಡದೆ ಕೇಳುತ್ತಾರೆ: “ಅಂದ ಹಾಗೆ ಡಾಕ್ಟ್ರೇ, ರಾತ್ರಿ ಹೊತ್ತು ಪಂಚೆ ಒದ್ದೆಯಾಗೋದಕ್ಕೆ ಏನಾದ್ರೂ ಮಾತ್ರೆ ಇದೆಯಾ? ನನಗಲ್ಲ, ನಮ್ಮ ಸ್ನೇಹಿತರೊಬ್ಬರಿಗೆ.”

ಬಂದದ್ದೇ ಅದಕ್ಕೆ. ಕೆಮ್ಮು ಬರೀ ಪೀಠಿಕೆ.

ಮೊದಲ ಹತ್ತು ವರ್ಷ ನಾನು “ಮುಂದಿನ ಸಲ ನೋಡೋಣ” ಅಂದು ಇನ್ನೊಬ್ಬರನ್ನು ಕರೆಯುತ್ತಿದ್ದೆ. ಹಾಗೆ ಕಳಿಸಿದವರಲ್ಲಿ ಒಬ್ಬರು ನಾಲ್ಕು ವರ್ಷ ತಿರುಗಿ ಆ ಮಾತೆತ್ತಲಿಲ್ಲ. ಆ ನಾಲ್ಕು ವರ್ಷ ಮೈಸೂರಿನ ತಂಗಿಯ ಮನೆಗೂ ಹೋಗಲಿಲ್ಲ, ಎರಡು ಮದುವೆ ತಪ್ಪಿಸಿಕೊಂಡರು. ಬೇರೆಯವರ ಮನೆಯ ಹಾಸಿಗೆಯಲ್ಲಿ ಮಲಗಲು ಅವರಿಗೆ ಹೆದರಿಕೆ. ತಂಗಿಗೆ ಇದು ಹೇಗೆ ತಿಳಿಯಬೇಕು? “ಅಣ್ಣ ದೊಡ್ಡ ಮನುಷ್ಯ ಆಗಿಬಿಟ್ಟ” ಅಂದುಕೊಂಡು ಆಕೆ ರಾಖಿ ಕಳಿಸುವುದನ್ನೂ ನಿಲ್ಲಿಸಿದರು. ತೊಂದರೆ ಇದ್ದದ್ದು ಪ್ರಾಸ್ಟೇಟಿನಲ್ಲಿ, ದಿನಕ್ಕೊಂದು ಮಾತ್ರೆಯಿಂದ ಮುಕ್ಕಾಲು ಪಾಲು ಹತೋಟಿಗೆ ಬಂತು. ಅದಾದ ಮೇಲೆ ನಾನು ಹೊಸ್ತಿಲವರೆಗೂ ಎದ್ದು ಹೋಗಿ ಬೀಳ್ಕೊಡುವುದನ್ನು ರೂಢಿ ಮಾಡಿಕೊಂಡೆ. ಡಾಕ್ಟ್ರು ಬಹಳ ಸೌಜನ್ಯದವರು ಅಂತ ಹೆಸರು ಬಂತು. ಕಾರಣ ಇದು.

2. ಕೈಲಾಗಲ್ಲ, ಕೈಲಾಗದವನು

ಈ ಎರಡು ಮಾತಿಗೂ ಮೂಲ ಒಂದೇ. “ಈ ಕೆಲಸ ನನ್ನ ಕೈಲಾಗಲ್ಲ” ಅಂದರೆ ಇವತ್ತಿನ ಸ್ಥಿತಿ ಹೇಳಿದ ಹಾಗಾಯಿತು. ‘ಕೈಲಾಗದವನು’ ಅಂದರೆ ಇಡೀ ಮನುಷ್ಯನಿಗೆ ಬಿದ್ದ ಹೆಸರು. ಮೊದಲನೆಯದನ್ನು ಬಾಯಿಬಿಟ್ಟು ಹೇಳಿದರೆ ಎರಡನೆಯದು ತಲೆಗೆ ಕಟ್ಟುತ್ತದೆ ಅನ್ನುವ ಭಯದಲ್ಲೇ ನಮ್ಮ ಗಂಡಸರು ಮುದುಕರಾಗುತ್ತಾರೆ. ಇನ್ನೊಂದು ಭಯ ಸದರದ್ದು. ಸಲಿಗೆ ಕೊಟ್ಟರೆ ಸದರವಾಗುತ್ತೀವಿ ಅನ್ನುವುದನ್ನು ಈ ಬಡಾವಣೆಗಳ ಮನೆಗಳಲ್ಲಿ ಮಗ್ಗಿಯ ಜೊತೆಗೇ ಕಲಿಸಿದ್ದಾರೆ. ಕಷ್ಟ ಹೇಳಿಕೊಂಡದ್ದಕ್ಕೇ ಸದರವಾದವರನ್ನು ನಾನು ಕಂಡದ್ದು ಕಡಿಮೆ. ಹೇಳಿದ ಮಾತಿಗೆ ತಾವೇ ನಿಲ್ಲದವರು, ಇವತ್ತು ಅತ್ತು ನಾಳೆ ಅದೇ ದರ್ಪಕ್ಕೆ ಮರಳಿದವರು, ಅವರು ಸದರವಾದರು.

3. ಮನೆಯವರಿಗೆ ಕೊನೆಗೆ ತಿಳಿಯಬಾರದು

ಚಾಮರಾಜಪೇಟೆ 1892ರದು. ಬಸವನಗುಡಿ, ಮಲ್ಲೇಶ್ವರ ಎದ್ದದ್ದು 1898ರ ಪ್ಲೇಗಿನ ಬೆನ್ನಿಗೆ. ಗಾಳಿ ಬೆಳಕು ಆಡಲಿ ಅಂತ ಅಗಲವಾದ ರಸ್ತೆ ಬಿಟ್ಟು, ಮನೆಗಳ ಹಿಂದೆ ಗಲ್ಲಿ ಬಿಟ್ಟು ಕಟ್ಟಿದರು. ಪ್ಲೇಗಿನ ಕಾಲದಲ್ಲಿ ಅಧಿಕಾರಿಗಳ ಕಣ್ಣಿಗೆ ಬೀಳದಂತೆ ರೋಗಿಯನ್ನು ಒಳಕೋಣೆಯಲ್ಲಿ ಬಚ್ಚಿಡುತ್ತಿದ್ದರು. ಬಡಾವಣೆಗೆ ಗಾಳಿ ಬೆಳಕು ಬಂತು, ಬಚ್ಚಿಡುವ ಅಭ್ಯಾಸ ಹೋಗಲಿಲ್ಲ.

ಗಾಂಧಿ ಬಜಾರಿನ ಹಿಂದಿನ ಬೀದಿಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗಲಿಲ್ಲ, ಇನ್ಸುಲಿನ್ ಶುರು ಮಾಡಬೇಕು ಅಂದೆ. ಒಂದು ಷರತ್ತು ಹಾಕಿದರು: ಮನೆಯಲ್ಲಿ ಯಾರಿಗೂ ತಿಳಿಯಕೂಡದು. “ಸೂಜಿ ಅಂದ ತಕ್ಷಣ ನಾನು ಆ ಮನೆಗೆ ರೋಗಿಷ್ಟ ಆಗಿಬಿಡ್ತೀನಿ ಡಾಕ್ಟ್ರೇ. ಇವತ್ತಿಗೂ ಮಗ ಒಂದು ಡಿಪಾಸಿಟ್ ಇಡಬೇಕಾದರೆ ನನ್ನ ಕೇಳ್ತಾನೆ.” ಸಕ್ಕರೆ ಒಮ್ಮೆಲೇ ಇಳಿದುಹೋಗುವ ಅಪಾಯವಿದೆ, ಒಬ್ಬರಿಗಾದರೂ ಹೇಳಿರಬೇಕು ಅಂದೆ. ತಲೆಯಾಡಿಸಿದರು. ಹೇಳಲಿಲ್ಲ. ರೋಗಿ ಬೇಡ ಅಂದ ಮೇಲೆ ನಾನು ಹೇಳುವ ಹಾಗಿಲ್ಲ.

ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಅಂದರೆ ಫ್ರಿಜ್ಜೇ ಗತಿ. ಅವರು ಸೀಸೆಯನ್ನು ಹೆಸರುಬೇಳೆಯ ಪೊಟ್ಟಣದಲ್ಲಿ ಸುತ್ತಿ ಕೆಳಗಿನ ತಟ್ಟೆಯಲ್ಲಿ, ದೋಸೆ ಹಿಟ್ಟಿನ ಪಾತ್ರೆಯ ಹಿಂದೆ ಇಟ್ಟರು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಬಚ್ಚಲುಮನೆಯಲ್ಲಿ ಚುಚ್ಚಿಕೊಳ್ಳುವುದು. ಐದು ತಿಂಗಳು ಹೀಗೇ ನಡೆಯಿತು. ಒಂದು ಏಕಾದಶಿ, ಉಪವಾಸ. ಊಟ ಬಿಟ್ಟರು, ಸೂಜಿ ಬಿಡಲಿಲ್ಲ. ಬ್ಯೂಗಲ್ ರಾಕ್ ಹತ್ತಿರ ಮೈ ಬೆವರಿ ತೊದಲುತ್ತ ಕುಸಿದು ಕೂತರು. ಕುಡಿದಿದ್ದಾರೆ ಅಂದುಕೊಂಡು ನಾಲ್ಕು ಜನ ದಾಟಿ ಹೋದರಂತೆ. ಹೂವು ಮಾರುವ ಹೆಂಗಸೊಬ್ಬಳು ಮಾತ್ರ, ತನ್ನ ಗಂಡನಿಗೂ ಹೀಗೇ ಆಗುತ್ತಿತ್ತು ಅಂತ, ಟೀ ಅಂಗಡಿಯಿಂದ ಸಕ್ಕರೆ ತಂದು ಬಾಯಿಗೆ ಹಾಕಿದಳು.

ಮಾರನೆಯ ದಿನ ಅವರ ಸೊಸೆ ನನ್ನ ಮೇಜಿನ ಮೇಲೆ ಆ ಹೆಸರುಬೇಳೆ ಪೊಟ್ಟಣ ತಂದಿಟ್ಟಳು. “ಒಳಗಿರೋ ಚೀಟಿ ನಿಮ್ಮ ಅಕ್ಷರ ತಾನೇ ಡಾಕ್ಟ್ರೇ?” ನಾನು ಸುಮ್ಮನಿದ್ದೆ. “ಹೂವಿನವಳಿಗೆ ಗೊತ್ತು, ನಿಮಗೆ ಗೊತ್ತು, ಮೆಡಿಕಲ್ ಸ್ಟೋರಿನ ಹುಡುಗನಿಗೂ ಗೊತ್ತು. ಹಾಗಾದ್ರೆ ನಾವು ಅವರಿಗೆ ಯಾರು?”

ಮಾವನಿಗೆ ಕಾಯಿಲೆ ಅನ್ನುವುದರ ಬಗ್ಗೆ ಆ ಹುಡುಗಿಗೆ ಒಂದು ಚೂರು ಕೋಪವಿರಲಿಲ್ಲ. ಎಲ್ಲರಿಗಿಂತ ಕೊನೆಗೆ ತನಗೆ ತಿಳಿಯಿತಲ್ಲ, ಅದು ಅವಮಾನ. ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡ ಸತ್ಯ ಒಂದೇ ಆಗಿದ್ದರೆ ಅದು ಇದು. ಸೋಲು ತೋರಿಸಿದ್ದಕ್ಕೆ ಮರ್ಯಾದೆ ಕಳೆದುಕೊಂಡವರನ್ನು ಕೈಬೆರಳಲ್ಲಿ ಎಣಿಸಬಹುದು, ಸೋಲು ಬೇರೆಯವರ ಬಾಯಿಂದ ಮನೆಗೆ ತಲುಪಿ ಮರ್ಯಾದೆ ಕಳೆದುಕೊಂಡವರು ಬೀದಿಗೆ ಇಬ್ಬರಿದ್ದಾರೆ.

ಈಗ ಅವರಿಗೆ ಚುಚ್ಚುವುದು ಸೊಸೆಯೇ, ಮೊಮ್ಮಗ ಯೂನಿಟ್ಟು ಓದಿ ಹೇಳುತ್ತಾನೆ. ಡಿಪಾಸಿಟ್ಟಿನ ಮಾತನ್ನು ಮಗ ಇವತ್ತಿಗೂ ಅಪ್ಪನನ್ನೇ ಕೇಳುತ್ತಾನೆ. ಸೊಸೆ ಒಮ್ಮೆ ಅಂದಳು, “ಮುಂಚೆ ಮಾವನವರ ರೂಮಿಗೆ ಹೋಗೋಕೆ ಏನಾದ್ರೂ ಕಾರಣ ಬೇಕಿತ್ತು.”

4. ವೈದ್ಯನ ಮನೆಯ ಕಥೆ

ಊರಿಗೆಲ್ಲ ಬುದ್ಧಿ ಹೇಳಿದವನು ನಾನು. 2009ರಲ್ಲಿ ರಾಮಾಂಜನೇಯ ಗುಡ್ಡದ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಂತಾಯಿತು. ಏನೆಂದು ನನಗೆ ಗೊತ್ತು, ಹೆಂಡತಿಗೆ ಹೇಳಲಿಲ್ಲ. ಮೈಸೂರಿನಲ್ಲಿ ಎರಡು ದಿನ ಡಾಕ್ಟರುಗಳ ಸಮಾವೇಶ ಅಂತ ಸುಳ್ಳು ಹೇಳಿ, ಚೀಲದಲ್ಲಿ ಎರಡು ಅಂಗಿ ಇಟ್ಟುಕೊಂಡು, ಇದೇ ಊರಿನ ಆಸ್ಪತ್ರೆಯೊಂದರಲ್ಲಿ ಸ್ಟೆಂಟು ಹಾಕಿಸಿಕೊಂಡು ಬಂದೆ. ಸಹಿ ಹಾಕಲು ಜೊತೆಗೆ ಬಂದದ್ದು ಕಾಂಪೌಂಡರು. ಅವಳಿಗೆ ಆತಂಕ ಬೇಡ ಅಂತ ಹೀಗೆ ಮಾಡಿದೆ ಅಂತಲೇ ಆಗ ನಂಬಿದ್ದೆ.

ಎಂಟು ದಿನದ ಮೇಲೆ ತರಕಾರಿ ಅಂಗಡಿಯಲ್ಲಿ ಕಾಂಪೌಂಡರ ಹೆಂಡತಿ ಸಿಕ್ಕಿ, “ಯಜಮಾನರು ಈಗ ಹೇಗಿದ್ದಾರೆ ಅಮ್ಮ, ಆಪರೇಷನ್ ಸುಸೂತ್ರ ಆಯಿತಂತಲ್ಲ” ಅಂದರಂತೆ. ಇವಳು ಮುಖದ ಮೇಲೆ ಏನೂ ತೋರಿಸದೆ “ಚೆನ್ನಾಗಿದ್ದಾರಮ್ಮ” ಅಂದು ಹುರುಳಿಕಾಯಿ ತೂಗಿಸಿಕೊಂಡು ಬಂದಳು. ನನ್ನ ಮರ್ಯಾದೆ ಅಲ್ಲಿ ಅವಳು ಕಾಪಾಡಿದಳು.

ಜಗಳವಾಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತು, ಹಪ್ಪಳ ಮಾಯವಾಯಿತು, ರಾತ್ರಿ ಮಾತ್ರೆ ನೀರಿನ ಲೋಟದ ಪಕ್ಕಕ್ಕೆ ಬಂತು. ಆದರೆ ಅವಳು ನನ್ನನ್ನು ‘ಡಾಕ್ಟ್ರೇ’ ಅನ್ನತೊಡಗಿದಳು. “ಡಾಕ್ಟ್ರೇ, ಊಟಕ್ಕೆ ಬನ್ನಿ.” “ಡಾಕ್ಟ್ರೇ, ಹಾಲಿನವನಿಗೆ ದುಡ್ಡು.” ಇಪ್ಪತ್ತಾರು ವರ್ಷದ ‘ರೀ’ ಬಾಯಿಂದ ಹೋಗಿಬಿಟ್ಟಿತ್ತು. ಪ್ರೀತಿಗೆ ಏನೂ ಕುಂದಿಲ್ಲ, ಹಪ್ಪಳ ಬಚ್ಚಿಟ್ಟದ್ದೇ ಸಾಕ್ಷಿ. ಮನುಷ್ಯನ ಮೇಲಿನ ಒಂದು ಭರವಸೆ ಜಾರಿತ್ತು.

ಮೂರು ತಿಂಗಳ ಮೇಲೆ, ಕರೆಂಟು ಹೋದ ಒಂದು ರಾತ್ರಿ, ಕತ್ತಲಲ್ಲಿ ಕೂತಿದ್ದಾಗ ಹೇಳಿದೆ. ಆ ಬೆಳಿಗ್ಗೆ ನನ್ನನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಒಯ್ಯುವಾಗ ಮೇಲಿನ ದೀಪಗಳನ್ನು ಎಣಿಸುತ್ತಿದ್ದೆ, ಹನ್ನೊಂದಾದವು, ಹನ್ನೆರಡನೆಯದು ಕೆಟ್ಟಿತ್ತು, ಅದನ್ನು ಕಂಡು ಇವತ್ತೇ ನನ್ನ ಕೊನೆ ಅನ್ನಿಸಿತು, “ತುಂಬ ಭಯ ಆಗಿತ್ತು ಕಣೆ” ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಆವತ್ತೇ ಹೇಳೋದಕ್ಕೆ ಏನಾಗಿತ್ತು ರೀ” ಅಂದಳು.

5. ಹರಿದ ಸೀರೆ ಯಾರಿಗೆ ತೋರಿಸಬೇಕು

ಕವಿ ಡಿವಿಜಿಯವರ ಮನೆಯ ಸೀರೆಯ ಪ್ರಸಂಗ ಬಸವನಗುಡಿಯಲ್ಲಿ ಗೊತ್ತಿಲ್ಲದವರಿಲ್ಲ. ಪತ್ರಿಕೆ ನಡೆಸುತ್ತ ಕೈ ಬರಿದಾಗಿದ್ದ ಕಾಲ. ನೆಂಟರ ಮನೆಯ ಸಮಾರಂಭಕ್ಕೆ ಮಕ್ಕಳನ್ನು ಕಳಿಸಿ ಅವರ ಹೆಂಡತಿ ಭಾಗೀರಥಮ್ಮನವರು ಮನೆಯಲ್ಲೇ ಉಳಿದರು. ಯಾಕೆ ಅಂತ ಗಂಡ ಕೇಳಿದಾಗ, ಇರುವ ಸೀರೆ ಹರಿದಿದೆ, ಅದನ್ನು ಉಟ್ಟು ಹೋದರೆ ಜನ ನಿಮ್ಮನ್ನು ಆಡಿಕೊಳ್ಳುತ್ತಾರೆ ಅನ್ನುವ ಅರ್ಥದ ಮಾತು ಹೇಳಿದರು. ಆಕೆ 1924ರಲ್ಲಿ ತೀರಿಕೊಂಡಾಗ ಡಿವಿಜಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. 1975ರವರೆಗೆ ಬದುಕಿದರು, ಮತ್ತೆ ಮದುವೆಯಾಗಲಿಲ್ಲ.

ಇದನ್ನು ತ್ಯಾಗದ ಕಥೆಯಾಗಿ ಹೇಳುವುದು ರೂಢಿ. ನನಗೆ ಅದರಲ್ಲಿ ಕಾಣುವುದು ಎಲ್ಲಿ ಮುಚ್ಚಬೇಕು, ಎಲ್ಲಿ ಬಿಚ್ಚಬೇಕು ಅನ್ನುವ ಎಚ್ಚರ. ಹರಿದ ಸೀರೆ ನೆಂಟರಿಗೆ ಕಾಣಲಿಲ್ಲ, ಗಂಡನಿಗೆ ಕಂಡಿತು. ನನ್ನ ಬ್ಯಾಂಕ್ ಮ್ಯಾನೇಜರು ಮಾಡಿದ್ದು ಇದಕ್ಕೆ ತಿರುವುಮುರುವು. ಅವರ ಸೀರೆ ಮನೆಗೆ ಕಾಣದೆ ಬ್ಯೂಗಲ್ ರಾಕಿನಲ್ಲಿ ಹರಡಿಕೊಂಡಿತು. ಒಂದು ತಕರಾರು ನನ್ನದೂ ಇದೆ: ಕೇಳುವವರೆಗೂ ಆಕೆ ಕಾದರು. ಕೇಳದ ಗಂಡಂದಿರ ಮನೆಯಲ್ಲಿ ಆ ಸೀರೆಗಳ ಗತಿಯೇನು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

6. ವಾರಾನ್ನದ ಹುಡುಗರು

ನನ್ನ ಹಳೆಯ ರೋಗಿಗಳಲ್ಲಿ ವಾರಾನ್ನ ಉಂಡು ಓದಿದವರು ಹಲವರಿದ್ದರು. ವಾರಕ್ಕೆ ಏಳು ಮನೆ, ದಿನಕ್ಕೊಂದು ಊಟ. ಒಬ್ಬ ನಿವೃತ್ತ ಇಂಜಿನಿಯರು ಎಂಬತ್ತು ದಾಟುವವರೆಗೆ ಮಕ್ಕಳಿಗೆ ಇದನ್ನು ಹೇಳಿರಲಿಲ್ಲ. ಗುರುವಾರದ ಮನೆಯವರು ಎಲೆ ಹಾಕಲು ಮರೆತು ಹಿತ್ತಿಲಲ್ಲಿ ಕಾಯಿಸಿದ್ದರಂತೆ. ಅರವತ್ತು ವರ್ಷದ ಮೇಲೂ ಗುರುವಾರ ಅಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಅದಕ್ಕೆ ಮನೆಯಲ್ಲಿ ರಾಯರ ಒಪ್ಪತ್ತು ಅಂತ ಕಾರಣ ಕೊಟ್ಟಿದ್ದರು! ಕೊನೆಗೆ ಹೇಳಿದ್ದು ಮೊಮ್ಮಗಳಿಗೆ. ಅವಳು ಗುರುವಾರ ಸಂಜೆ ಬಂದು ತಾತನ ಜೊತೆ ಕೂತು ಉಣ್ಣುವುದನ್ನು ಶುರು ಮಾಡಿದಳು.

ಇದರ ಎದುರಿಗೆ ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಬಳಿಯ ಹೊಸೂರಿನಿಂದ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬಸ್ಸಿಗೆ ಕಾಸಿಲ್ಲದೆ ನಡೆದೇ ಬಂದದ್ದನ್ನು ಅವರು ಬಚ್ಚಿಟ್ಟವರಲ್ಲ, ಆತ್ಮಕಥೆ ‘ಹೋರಾಟದ ಹಾದಿ’ಯಲ್ಲಿ ಬರೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಆಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ 2005ರಲ್ಲಿ ತೀರಿಕೊಳ್ಳುವವರೆಗೆ ಇದ್ದರು. ಆ ಬಡತನದ ಮಾತಿನಿಂದ ಅವರ ಮರ್ಯಾದೆಗೆ ಕುಂದು ಬಂದದ್ದನ್ನು ಈ ಬಡಾವಣೆ ಕಂಡಿಲ್ಲ.

7. ಹೇಳಿದ್ದನ್ನು ಅಸ್ತ್ರ ಮಾಡಿಕೊಂಡರೆ ಮುಗಿಯಿತು

ಸೋತು ಮಾತಾಡುವುದು ಎಲ್ಲರಿಗೂ ಒಂದೇ ತೂಕದ ಮಾತಲ್ಲ. ಗಂಡಸು ಕಣ್ಣೀರು ಹಾಕಿದರೆ “ಪಾಪ, ಮೃದು ಮನಸ್ಸು” ಅನ್ನುವ ಬಾಯಿ ಹೆಂಗಸು ಅತ್ತರೆ “ನಾಟಕ” ಅನ್ನುತ್ತದೆ. ಬಾಣಂತನದ ಹೊತ್ತಿಗೆ ಮನಸ್ಸು ಕುಸಿದು ನಿಮ್ಹಾನ್ಸಿನಲ್ಲಿ ಔಷಧಿ ತೆಗೆದುಕೊಂಡು ಗುಣವಾದ ಒಬ್ಬಳು, ಆ ದಿನಗಳಲ್ಲಿ ಮಗುವನ್ನು ಎತ್ತಿಕೊಳ್ಳಲೂ ಮನಸ್ಸು ಬರುತ್ತಿರಲಿಲ್ಲ ಅಂತ ಗಂಡನಿಗೆ ಒಂದು ಸಂಜೆ ಹೇಳಿಕೊಂಡಳು. ಎರಡು ವರ್ಷದ ಮೇಲೆ ಚಪಾತಿ ಸೀದ ಜಗಳವೊಂದರಲ್ಲಿ, ನೆಂಟರ ಎದುರಿಗೆ, ಅವನು ಅದನ್ನು ಎತ್ತಿ ಆಡಿದ. ಅವಳು ಈಗ ನನ್ನಲ್ಲಿಗೆ ತಲೆನೋವು ಅಂತ ಬರುತ್ತಾಳೆ. ಗಂಡ ಒಳ್ಳೆಯವನೇ, ಪಶ್ಚಾತ್ತಾಪವಿದೆ, “ಅವಳು ಏನೂ ಹೇಳಲ್ಲ ಡಾಕ್ಟ್ರೇ” ಅನ್ನುತ್ತಾನೆ. ನನ್ನ ಹತ್ತಿರ ಇದಕ್ಕೆ ಮಾತ್ರೆಯಿಲ್ಲ ಅಂತ ಅವನಿಗೆ ನೇರವಾಗಿಯೇ ಹೇಳಿದ್ದೇನೆ.

ಹೊಡೆಯುವ ಮನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಮ್ಮ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿಗೆ ಮಹಿಳಾ ಸಹಾಯವಾಣಿ 181. ಮನಸ್ಸಿನ ಕಷ್ಟಕ್ಕೆ 14416, ಟೆಲಿಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಸೋತು ಮಾತಾಡುವುದು ಒಂದು, ಗೋಳು ಬೇರೆ ಜಾತಿ. ಕೃಷ್ಣರಾವ್ ಪಾರ್ಕಿನಲ್ಲಿ ಒಬ್ಬರು ಕಂಡ ಕಂಡವರಿಗೆಲ್ಲ ಮಗನ ಅಸಡ್ಡೆಯ ಕಥೆ ಹೇಳುತ್ತಿದ್ದರು. ಕೇಳಿದವರು ಏನು ದಾರಿ ತೋರಿಸಿದರೂ ಬೇಡ. ಕ್ರಮೇಣ ವಾಕಿಂಗಿನವರು ಸುತ್ತುವ ದಿಕ್ಕನ್ನೇ ಬದಲಿಸಿಕೊಂಡರು.

8. “ನನಗೆ ತಿಳೀತಿಲ್ಲ”

ಪ್ರಾಕ್ಟೀಸಿನ ಎರಡನೆಯ ವರ್ಷ ಒಂದು ಮಗುವಿನ ಜ್ವರ ನನ್ನ ಬುದ್ಧಿಗೆ ನಿಲುಕಲಿಲ್ಲ. ವಿಕ್ಟೋರಿಯಾ ಆಸ್ಪತ್ರೆಗೆ ಚೀಟಿ ಬರೆದು, “ನನಗೆ ತಿಳೀತಿಲ್ಲಮ್ಮ, ಅಲ್ಲಿ ತೋರಿಸಿ” ಅಂದೆ. ಗಿರಾಕಿ ಹೋಯಿತು ಅಂದುಕೊಂಡೆ. ಮಗು ಗುಣವಾದ ಮೇಲೆ ಆ ತಾಯಿ ಇನ್ನೂ ಮೂರು ಮನೆಯವರನ್ನು ಕರೆತಂದಳು. ಡಾಕ್ಟರು ಬಿಗಿಮುಖ ಬಿಟ್ಟರೂ ಮರ್ಯಾದೆ ಉಳಿಯುತ್ತದೆ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ: ‘ರಾಶಿ’ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಇದೇ ಊರಿನಲ್ಲಿ ವೈದ್ಯರಾಗಿದ್ದುಕೊಂಡೇ 1942ರಿಂದ 1967ರವರೆಗೆ ‘ಕೊರವಂಜಿ’ ನಗೆ ಪತ್ರಿಕೆ ನಡೆಸಿದರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾಕ್ಟರು ನಗಿಸುತ್ತಾರೆ ಅಂತ ಯಾವ ರೋಗಿಯೂ ಅವರನ್ನು ಹಗುರ ಮಾಡಿದ್ದು ನಾನು ಕೇಳಿಲ್ಲ. ಬಿಗಿಮುಖ ಕಾಪಾಡುವ ಮರ್ಯಾದೆ ಬಹಳ ಸಣ್ಣದು.

9. ಕ್ಯಾಮೆರಾದ ಕೆಳಗಿನ ಕೈ

ಮಲ್ಲೇಶ್ವರದಿಂದ ಬರುವ ಒಬ್ಬ ತಾಯಿ ಫುಟ್‌ಪಾತಿನಲ್ಲಿ ಎಡವಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಮಗ ನ್ಯೂಜೆರ್ಸಿಯಲ್ಲಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅಲ್ಲಿ ಶನಿವಾರ ರಾತ್ರಿ ಹತ್ತೂವರೆಗೆ, ವೀಡಿಯೊ ಕರೆ. ಯಜಮಾನರು ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ, ಎತ್ತರ ನೋಡಿ, ಕೆಳಗೆ ಒಂದು ಪಂಚಾಂಗ ಇಡುತ್ತಿದ್ದರು. ಆಕೆ ಸೆರಗು ಹೊದ್ದು ಪ್ಲಾಸ್ಟರಿನ ಕೈ ಮೇಜಿನ ಕೆಳಗಿಟ್ಟುಕೊಂಡು, ಎಡಗೈಯಲ್ಲಿ ಟಾಟಾ ಮಾಡುತ್ತಿದ್ದರು. ಆರು ಭಾನುವಾರ.

ಡಿಸೆಂಬರಿನಲ್ಲಿ ಮಗ ಬಂದ. ನೆಗಡಿ ಅಂತ ಶಾಪಿಗೆ ಬಂದು, ಚೀಟಿ ತೆಗೆದುಕೊಂಡು, ಶೂ ಲೇಸು ಕಟ್ಟುತ್ತ ಬಗ್ಗಿದ್ದವನು ತಲೆಯೆತ್ತದೆ ಹೇಳಿದ: ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಕರೆ ಮಾಡುವ ಮುಂಚೆ ಲುಂಗಿಯ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಿದ್ದನಂತೆ. ಸಾಸಿವೆ ಡಬ್ಬಿಯ ಆ ಕಡೆ ಪ್ಲಾಸ್ಟರು, ಈ ಕಡೆ ಲುಂಗಿ. ನಡುವೆ ಇಬ್ಬರ ಗುಟ್ಟೂ ಹೊತ್ತುಕೊಂಡು ನಾನು.

ಯಾರ ಗುಟ್ಟನ್ನೂ ಬಿಟ್ಟುಕೊಡುವ ಹಾಗಿರಲಿಲ್ಲ. ಇಬ್ಬರಿಗೂ ಬೇರೆಬೇರೆಯಾಗಿ ಒಂದೇ ಮಾತು ಹೇಳಿದೆ: “ನೀವೇ ಮೊದಲು ಹೇಳಿ.” ಮಗ ಹೇಳಿದನಂತೆ. ತಾಯಿ ಎದ್ದು ಬಂದು, ಸ್ವಲ್ಪ ಸೊಟ್ಟಗೆ ಕೂಡಿಕೊಂಡ ಮಣಿಕಟ್ಟನ್ನು ಅವನ ತಟ್ಟೆಯ ಪಕ್ಕ ಇಟ್ಟರಂತೆ.

ಊರು ಬಿಟ್ಟು ದೂರದಲ್ಲಿ ಕೂತು ಇದನ್ನು ಓದುತ್ತಿರುವವರಿಗೆ: ಈ ಭಾನುವಾರ ಅಮ್ಮನಿಗೆ ಕರೆ ಮಾಡಿದಾಗ ಮೊದಲು ನಿಮ್ಮದೊಂದನ್ನು ಹೇಳಿ. ಆಮೇಲೆ, ಫೋನನ್ನು ಸ್ವಲ್ಪ ಕೆಳಗೆ ಇಳಿಸಮ್ಮ ಅನ್ನಿ.